ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯ ನೆರವಿಗೆ ಆನ್‌ಲೈನ್ ಚಿತ್ರ ಹರಾಜು: ಕಲಾವಿದರಿಂದ ಎಷ್ಟು ಕೇಳುವುದು ನ್ಯಾಯ?

ಗಾಂಧಿಬಜಾರ್_ವಾಸಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕ್ಯಾನ್ಸರ್ ಚಿಕಿತ್ಸೆಗೆಂದು ಬೆಂಗಳೂರಿಗೆ ಬರುವ ಮಕ್ಕಳ ಮನೆಯವರಿಗೆ ವಸತಿ, ಊಟ, ಬಸ್ಸಿನ ಖರ್ಚು ಮತ್ತು ಸರ್ಕಾರಿ ಯೋಜನೆಯಲ್ಲಿ ಸೇರದ ಕೆಲವು ಪರೀಕ್ಷೆಗಳ ವೆಚ್ಚವನ್ನು ಭರಿಸುವ ಒಂದು ವೈದ್ಯಕೀಯ ಪ್ರತಿಷ್ಠಾನಕ್ಕಾಗಿ ನಾವು ಎಂಟು ಮಂದಿ ಸ್ವಯಂಸೇವಕರು ಆನ್‌ಲೈನ್‌ನಲ್ಲಿ ಚಿತ್ರಗಳ ಹರಾಜು ನಡೆಸಲು ಹೊರಟಿದ್ದೇವೆ. ಸುಮಾರು 60 ಕೃತಿಗಳು ಬರುವ ನಿರೀಕ್ಷೆಯಿದೆ. ಹೆಚ್ಚಿನವು ಜಲವರ್ಣ ಮತ್ತು ಅಕ್ರಿಲಿಕ್. ಜೊತೆಗೆ ಲೋಹದ ಹಲಗೆಯಲ್ಲಿ ಗೆರೆ ಕೊರೆದು ಕಾಗದಕ್ಕೆ ಒತ್ತಿದ ಕೆಲವು ಎಚ್ಚಿಂಗ್‌ಗಳು, ಮೈಸೂರು ಶೈಲಿಯ ಎರಡು ಚಿತ್ರಗಳು, ಒಂದು ಸಣ್ಣ ಕಂಚಿನ ಶಿಲ್ಪ. ಹರಾಜು ಹತ್ತು ದಿನ ತೆರೆದಿರುತ್ತದೆ.

ಮೊದಲ ಸಭೆಯಲ್ಲಿ ಎರಡು ತೀರ್ಮಾನ ಮಾಡಿದ್ದೆವು. ಎಲ್ಲ ಕೃತಿಗಳಿಗೂ 1,000 ರೂಪಾಯಿಯ ಒಂದೇ ಮೂಲಬೆಲೆ ಇಟ್ಟರೆ ಹೆಚ್ಚು ಜನ ಧೈರ್ಯವಾಗಿ ಕೂಗುತ್ತಾರೆ ಎಂದುಕೊಂಡೆವು. ಬಂದ ಹಣವೆಲ್ಲ ಪ್ರತಿಷ್ಠಾನಕ್ಕೆ ಹೋಗಬೇಕು, ಆದ್ದರಿಂದ ಕಲಾವಿದರು ಕೃತಿಯನ್ನು ದಾನವಾಗಿಯೇ ಕೊಡಲಿ ಎಂದೂ ಒಪ್ಪಿಕೊಂಡೆವು. ಮರುದಿನ ನಲವತ್ತು ವರ್ಷಗಳಿಂದ ಚಿತ್ರ ಬರೆಯುತ್ತಿರುವ ಹಿರಿಯರೊಬ್ಬರಿಗೆ ಫೋನ್ ಮಾಡಿ ಇದನ್ನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿತ್ರ ಕೊಡುತ್ತೇನಮ್ಮ, ಸಾವಿರ ರೂಪಾಯಿಗೆ ಮಾತ್ರ ಕೂಗಿಸಬೇಡಿ" ಎಂದರು. ಕೋಪದಿಂದ ಆಡಿದ ಮಾತಲ್ಲ ಅದು. ಆದರೂ ಅಂದಿನಿಂದ ನನ್ನ ಮನಸ್ಸಿಗೆ ನೆಮ್ಮದಿಯಿಲ್ಲ.

ನಮ್ಮ ತೀರ್ಮಾನದಲ್ಲಿ ತಪ್ಪಿದ್ದರೆ ಈಗಲೇ ತಿದ್ದಿಕೊಳ್ಳಬೇಕೆಂದಿದ್ದೇನೆ. ಚಿತ್ರ ಬರೆಯುವವರು, ಕೊಳ್ಳುವವರು, ಲೆಕ್ಕಪತ್ರ ಬಲ್ಲವರು ದಯವಿಟ್ಟು ಬಿಚ್ಚುಮನಸ್ಸಿನಿಂದ ಬರೆಯಿರಿ.

ಜಲವರ್ಣ

ಆ ಹಿರಿಯರು ಸುಮ್ಮನಿದ್ದ ಹೊತ್ತಿನಲ್ಲಿ ಏನು ಯೋಚಿಸಿರಬಹುದೆಂದು ನಾನು ಊಹಿಸಬಲ್ಲೆ, ಮೇಡಂ.

ನಮ್ಮ ಊರಿನಲ್ಲಿ ಜಾತ್ರೆ ಮುಗಿದ ಮರುದಿನ ದೇವಸ್ಥಾನದ ಅಂಗಳದಲ್ಲಿ ದೇವರಿಗೆ ಬಂದ ಕಾಯಿ, ಬಾಳೆಗೊನೆ, ಸೀರೆಗಳನ್ನು ಹರಾಜು ಹಾಕುತ್ತಾರೆ. ಮೂವತ್ತು ರೂಪಾಯಿಯ ತೆಂಗಿನಕಾಯಿಯನ್ನು ಮೂರು ಸಾವಿರಕ್ಕೆ ಕೂಗಿ, ತಲೆಯ ಮೇಲಿಟ್ಟುಕೊಂಡು ಮನೆಗೆ ಹೋದವರನ್ನು ನಾನು ಕಂಡಿದ್ದೇನೆ. ಅದು ಭಕ್ತಿಯ ಬೆಲೆ, ಕಾಯಿಯ ಬೆಲೆಯಲ್ಲವೆಂದು ಅಲ್ಲಿದ್ದ ಮಗುವಿಗೂ ಗೊತ್ತು. ಯಾರೂ ಕೂಗದೆ ಅದೇ ಕಾಯಿ ಹತ್ತು ರೂಪಾಯಿಗೆ ಹೋದರೂ ಮರುದಿನದ ಸಂತೆಯಲ್ಲಿ ತೆಂಗಿನಕಾಯಿಯ ಧಾರಣೆ ಇಳಿಯುವುದಿಲ್ಲ. ದಾನಕ್ಕಾಗಿ ನಡೆಯುವ ಚಿತ್ರ ಹರಾಜನ್ನೂ ನಾವು ಗೊತ್ತಿಲ್ಲದೆಯೇ ಈ ಹರಾಜಿನಂತೆ ನೋಡುತ್ತೇವೆ. ಆದರೆ ಚಿತ್ರಕ್ಕೆ ಸಂತೆಯ ಧಾರಣೆ ಎಂಬುದಿಲ್ಲ. ಒಬ್ಬ ಕಲಾವಿದನ ಹಿಂದಿನ ಚಿತ್ರ ಎಷ್ಟಕ್ಕೆ ಹೋಯಿತೆಂಬುದೇ ಅವನ ಮುಂದಿನ ಚಿತ್ರದ ಧಾರಣೆ. ಆನ್‌ಲೈನ್ ಹರಾಜಿನಲ್ಲಿ ಆ ಅಂಕಿ ಎಲ್ಲರ ಕಣ್ಣಿಗೂ ಬೀಳುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಒಳ್ಳೆಯ ಉದ್ದೇಶದ ಹರಾಜಿಗೆ 22×30 ಇಂಚಿನ ಪೂರ್ಣ ಹಾಳೆಯ ಜಲವರ್ಣವೊಂದನ್ನು ಕೊಟ್ಟಿದ್ದೆ. ಅವೆನ್ಯೂ ರಸ್ತೆಯ ಮಳೆಗಾಲದ ಬೆಳಗು ಅದು. ಒದ್ದೆ ನೆಲದ ಮೇಲೆ ಬೀಳುವ ಬೆಳಕನ್ನು ಹಿಡಿಯಲು ಮೂರು ಹಾಳೆ ಕೆಡಿಸಿ ನಾಲ್ಕನೆಯದರಲ್ಲಿ ಗೆದ್ದಿದ್ದೆ. ಕಾಗದ, ಮೌಂಟು (ಚಿತ್ರದ ಸುತ್ತ ಹಾಕುವ ದಪ್ಪ ರಟ್ಟಿನ ಅಂಚು), ಚೌಕಟ್ಟು ಎಲ್ಲ ಸೇರಿ ಕೈಯಿಂದ ನಾಲ್ಕು ಸಾವಿರ ಹಾಕಿದ್ದೆ. ಮೂಲಬೆಲೆ 500 ಇಟ್ಟಿದ್ದರು. ಚಿತ್ರ 3,200ಕ್ಕೆ ಹೋಯಿತು. ಕೊಂಡವರು ಯಾರೆಂದು ನನಗೆ ತಿಳಿಸಲಿಲ್ಲ, ಹಣ ಎಲ್ಲಿ ಬಳಕೆಯಾಯಿತೆಂಬ ಪತ್ರವೂ ಬರಲಿಲ್ಲ. ಅದನ್ನಾದರೂ ಮರೆಯಬಹುದಿತ್ತು. ಮುಂದಿನ ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ನನ್ನ ಮುಂದೆ ನಿಂತ ದಂಪತಿ, ಹದಿನೆಂಟು ಸಾವಿರದ ಚಿತ್ರವೊಂದನ್ನು ಮೆಚ್ಚಿ, ಮೊಬೈಲ್ ತೆರೆದು, "ನಿಮ್ಮ ಇಷ್ಟೇ ದೊಡ್ಡ ಚಿತ್ರ ಮೂರು ಸಾವಿರಕ್ಕೆ ಹೋಗಿದೆಯಲ್ಲ" ಎಂದು ತೋರಿಸಿದರು. ಅವರದೇನೂ ತಪ್ಪಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ.

ಮಕ್ಕಳ ಚಿಕಿತ್ಸೆಗೆ ಕೊಡುವುದಿಲ್ಲವೆನ್ನುವ ಕಲಾವಿದ ಸಿಗುವುದು ಅಪರೂಪ. ಅದಕ್ಕೇ ಅವರ ಬಳಿ ಎಲ್ಲರೂ ಕೇಳುತ್ತಾರೆ. ಒಂದೇ ವರ್ಷದಲ್ಲಿ ನನಗೆ ಇಂಥ ಐದು ಕರೆಗಳು ಬಂದದ್ದುಂಟು. ಮೂಲಬೆಲೆ ಕಲಾವಿದರು ತಮ್ಮ ಸ್ಟುಡಿಯೋದಲ್ಲಿ ಹೇಳುವ ಬೆಲೆಯ ಅರ್ಧಕ್ಕಿಂತ ಕಡಿಮೆ ಇರಬಾರದು, ಬಂದ ಹಣದಲ್ಲಿ ಎಷ್ಟು ಪಾಲು ತಮಗೆ ಬೇಕೆಂಬುದನ್ನು ಸೊನ್ನೆಯಿಂದ ಅರ್ಧದವರೆಗೆ ಕಲಾವಿದರೇ ಬರೆದುಕೊಡಲಿ ಎಂಬುದು ನನ್ನ ಸಲಹೆ.

ಸಂಗ್ರಹ_ಜಯನಗರ

ಜಲವರ್ಣ ಅವರ ನೋವು ನನಗೆ ಅರ್ಥವಾಗುತ್ತದೆ. ಹಾಗಿದ್ದೂ ಕೊಳ್ಳುವವರ ಕಡೆಯ ಮಾತನ್ನು ಹೇಳಲೇಬೇಕು. ನಾನು ದೊಡ್ಡ ಸಂಗ್ರಾಹಕನಲ್ಲ; ಹದಿನೈದು ವರ್ಷಗಳಲ್ಲಿ ಇಪ್ಪತ್ತಾರು ಚಿತ್ರ ಕೊಂಡಿದ್ದೇನೆ, ಬಹುಪಾಲು ಚಿತ್ರಸಂತೆಯಲ್ಲಿ. ಕೋವಿಡ್ ಕಾರಣ 2021ರ ಜನವರಿಯಲ್ಲಿ ಸಂತೆ ಆನ್‌ಲೈನ್‌ನಲ್ಲಿ ನಡೆದಾಗ ಪರದೆಯ ಮೇಲೆ ನೋಡಿಯೇ ಒಂದನ್ನು ಕೊಂಡೆ. ಮನೆಗೆ ಬಂದಾಗ ಅದು ನಾನೆಂದುಕೊಂಡಿದ್ದಕ್ಕಿಂತ ಬಹಳ ಚಿಕ್ಕದಾಗಿತ್ತು. ಅಳತೆ ಬರೆದಿದ್ದರು, ಆದರೆ ಕಣ್ಣು ಅಂಕಿಯನ್ನು ನಂಬುವುದಿಲ್ಲ, ಪರದೆಯನ್ನು ನಂಬುತ್ತದೆ. ಆದ್ದರಿಂದ ಪ್ರತಿ ಚಿತ್ರವನ್ನೂ ಒಂದು ಕುರ್ಚಿಯ ಪಕ್ಕದಲ್ಲಿಟ್ಟು ತೆಗೆದ ಫೋಟೋ, ಹಿಂಬದಿಯ ಫೋಟೋ, ಸಹಿಯ ಹತ್ತಿರದ ಫೋಟೋ ಇರಲೇಬೇಕು. ಎಚ್ಚಿಂಗ್ ಆದರೆ ಅದು ಎಷ್ಟು ಪ್ರತಿಗಳಲ್ಲಿ ಎಷ್ಟನೆಯದು ಎಂಬುದು, ಅಂದರೆ 3/25 ಎಂದು ಪೆನ್ಸಿಲ್ಲಿನಲ್ಲಿ ಬರೆದದ್ದು, ಕಾಣಿಸಬೇಕು.

ಮೂಲಬೆಲೆಯ ವಿಷಯದಲ್ಲಿ ನನಗೊಂದು ಭಯವಿದೆ. ಬೆಲೆ ಏರಿಸಿ ಕುಳಿತರೆ 60ರಲ್ಲಿ 30 ಚಿತ್ರಗಳು ಒಂದೂ ಕೂಗಿಲ್ಲದೆ ಉಳಿಯಬಹುದು. ಕಡಿಮೆ ಬೆಲೆಗೆ ಹೋದ ಚಿತ್ರಕ್ಕಿಂತ ಯಾರೂ ಕೇಳದೆ ಉಳಿದ ಚಿತ್ರ ಕಲಾವಿದರಿಗೆ ಹೆಚ್ಚು ನೋವು ಕೊಡುವುದಿಲ್ಲವೇ? ಆದ್ದರಿಂದ ಕೃತಿಗಳ ಸಂಖ್ಯೆಯನ್ನು 30 ಅಥವಾ 35ಕ್ಕೆ ಇಳಿಸಿ, ಚೆನ್ನಾಗಿ ಆಯ್ಕೆ ಮಾಡಿ. ಮೊದಲ ಬಾರಿ ಕೊಳ್ಳುವ ಯುವಜನರಿಗಾಗಿ ಸಣ್ಣ ರೇಖಾಚಿತ್ರ, ಮುದ್ರಣಗಳನ್ನು ಹರಾಜಿಲ್ಲದೆ ನಿಗದಿತ ಬೆಲೆಗೆ, ಎರಡರಿಂದ ಐದು ಸಾವಿರದೊಳಗೆ, ಬೇರೆ ವಿಭಾಗದಲ್ಲಿ ಇಡಿ. ಸಾವಿರ ರೂಪಾಯಿಯ ಮೂಲಬೆಲೆಯಿಂದ ಯಾರನ್ನು ಕರೆಯಬೇಕೆಂದಿದ್ದಿರೋ ಅವರು ಅಲ್ಲಿಗೆ ಬರುತ್ತಾರೆ.

ಮುಕ್ತಾಯದ ಸಮಯದ ಬಗ್ಗೆಯೂ ಎಚ್ಚರವಿರಲಿ. ರಾತ್ರಿ ಒಂಬತ್ತಕ್ಕೆ ಸರಿಯಾಗಿ ಹರಾಜು ಮುಚ್ಚುವುದಾದರೆ ಎಲ್ಲರೂ 8.59ರವರೆಗೆ ಸುಮ್ಮನಿರುತ್ತಾರೆ, ಕೊನೆಯ ನಾಲ್ಕು ಸೆಕೆಂಡಿನಲ್ಲಿ ಯಾರೋ ಕೂಗಿ ಒಯ್ಯುತ್ತಾರೆ. ಹಾಗೆ ಒಂದು ಚಿತ್ರವನ್ನು ಕಳೆದುಕೊಂಡವನು ನಾನು. ಕೊನೆಯ ಐದು ನಿಮಿಷದಲ್ಲಿ ಕೂಗು ಬಂದರೆ ಸಮಯ ಇನ್ನೈದು ನಿಮಿಷ ತಾನಾಗಿ ಮುಂದಕ್ಕೆ ಹೋಗುವಂತೆ ಮಾಡಿ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಒಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಮಯ ಖಚಿತವಾಗಿದ್ದ ಇಬೇ ಹರಾಜುಗಳನ್ನೂ ಸಮಯ ವಿಸ್ತರಿಸುತ್ತಿದ್ದ ಅಮೆಜಾನ್ ಹರಾಜುಗಳನ್ನೂ ಹೋಲಿಸಿ, ಕೊನೆಯ ಗಳಿಗೆಯ ಕೂಗು ಮೊದಲನೆಯದರಲ್ಲೇ ಬಹಳ ಹೆಚ್ಚೆಂದು ತೋರಿಸಿದ್ದಾರೆ. ಜಾತ್ರೆಯ ಹರಾಜಿನಲ್ಲಿ "ಒಂದು ಸಲ, ಎರಡು ಸಲ" ಎಂದು ಕೂಗಿ ಕಾಯುವುದೂ ಇದಕ್ಕಾಗಿಯೇ.

ಖಾತೆಕಿರ್ದಿ

ಲೆಕ್ಕಪರಿಶೋಧನೆ ನನ್ನ ವೃತ್ತಿ. ಎರಡು ಸಣ್ಣ ದತ್ತಿಗಳ ಲೆಕ್ಕ ನೋಡುತ್ತೇನೆ. ಈ ಬಗೆಯ ಹರಾಜುಗಳಲ್ಲಿ ಸದುದ್ದೇಶವಿದ್ದೂ ತಪ್ಪು ನಡೆಯುವುದು ರಸೀದಿಯಲ್ಲಿ. 1961ರ ಆದಾಯ ತೆರಿಗೆ ಕಾಯ್ದೆಯ ಕಾಲದಿಂದ ನಾವೆಲ್ಲ 80ಜಿ ಎಂದೇ ಕರೆಯುತ್ತ ಬಂದಿರುವ ತೆರಿಗೆ ವಿನಾಯಿತಿ ದೇಣಿಗೆಗೆ ಮಾತ್ರ ಸಲ್ಲುತ್ತದೆ. ಹರಾಜಿನಲ್ಲಿ 40,000 ಕೊಟ್ಟವರಿಗೆ ಪ್ರತಿಯಾಗಿ ಒಂದು ಚಿತ್ರ ಸಿಗುತ್ತದೆ, ಅದು ಖರೀದಿ. ಅಷ್ಟಕ್ಕೂ ದೇಣಿಗೆ ರಸೀದಿ ಕೊಡುತ್ತೇವೆಂದು ಪ್ರಕಟಣೆಯಲ್ಲಿ ಬರೆದರೆ ನಾಳೆ ಕೊಂಡವರೂ ಪ್ರತಿಷ್ಠಾನವೂ ತೊಂದರೆಗೆ ಸಿಕ್ಕಿಕೊಳ್ಳುತ್ತವೆ. ಚಿತ್ರಕ್ಕೆ ಬಿಲ್ಲು ಕೊಡಿ. ಚಿತ್ರದ ಬೆಲೆಯ ಮೇಲೆ ಯಾರಾದರೂ ಸ್ವಇಚ್ಛೆಯಿಂದ ಹೆಚ್ಚುವರಿ ಹಣ ಕೊಡಬಯಸಿದರೆ ಅದಕ್ಕೆ ಪ್ರತ್ಯೇಕ ದೇಣಿಗೆ ರಸೀದಿ ಕೊಡಿ. ನಗದಾಗಿ ಕೊಟ್ಟ ದೇಣಿಗೆ 2,000 ರೂಪಾಯಿ ಮೀರಿದರೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೂ ಈ ವಿನಾಯಿತಿ ಸಿಗುವುದಿಲ್ಲವೆಂಬುದನ್ನು ಮೊದಲೇ ತಿಳಿಸಿಬಿಡಿ. ಸಂಬಳದಾರರಲ್ಲಿ ಬಹಳ ಜನ ಈಗ ಆ ಪದ್ಧತಿಯಲ್ಲೇ ಇದ್ದಾರೆ.

ಕಲಾವಿದರ ಪಾಲಿನ ವಿಷಯದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ವಸ್ತುರೂಪದಲ್ಲಿ ಕೊಟ್ಟ ದಾನಕ್ಕೆ 80ಜಿ ವಿನಾಯಿತಿ ಇಲ್ಲ. ಅಂದರೆ 40,000 ಬೆಲೆಯ ಚಿತ್ರವನ್ನು ದಾನ ಮಾಡಿದ ಕಲಾವಿದರಿಗೆ ತೆರಿಗೆಯಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ. ಅದೇ ಕಲಾವಿದರು ತಮ್ಮ ಪಾಲಾಗಿ 12,000 ಪಡೆದು, ಮನಸ್ಸಿದ್ದರೆ ಅದರಲ್ಲಿ ಒಂದಷ್ಟನ್ನು ಬ್ಯಾಂಕಿನ ಮೂಲಕ ಪ್ರತಿಷ್ಠಾನಕ್ಕೆ ಹಿಂದಿರುಗಿಸಿದರೆ, ಹಳೆಯ ಪದ್ಧತಿಯಲ್ಲಿರುವವರಿಗೆ ವಿನಾಯಿತಿ ದೊರೆಯುತ್ತದೆ. ಪಾಲು ಕೊಟ್ಟರೆ ದಾನ ಕಡಿಮೆಯಾಗುತ್ತದೆಂದು ಹೆದರಬೇಡಿ. ಎಷ್ಟೋ ಕಲಾವಿದರು ಹಿಂದಿರುಗಿಸಿಯೇ ತೀರುತ್ತಾರೆ, ಆಗ ಅದು ಅವರ ಕೈಯಿಂದ, ಅವರ ಹೆಸರಿನಲ್ಲಿ ಹೋದ ಹಣವಾಗುತ್ತದೆ.

ವಿದೇಶದಲ್ಲಿರುವ ಕನ್ನಡಿಗರು ಖಂಡಿತ ವಿಚಾರಿಸುತ್ತಾರೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಅನಿವಾಸಿಗಳು ಸಾಮಾನ್ಯ ಬ್ಯಾಂಕಿನ ಮೂಲಕ ದೇಣಿಗೆ ಕೊಡಲು ತೊಡಕಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ದೇಣಿಗೆ ವಿದೇಶಿ ವಂತಿಗೆಯಾಗುತ್ತದೆ. ಅದಕ್ಕೆ ಪ್ರತಿಷ್ಠಾನಕ್ಕೆ ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆಯಡಿ ನೋಂದಣಿ ಬೇಕು, ಹಣವೂ ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಗೊತ್ತುಪಡಿಸಿದ ಖಾತೆಗೇ ಬರಬೇಕು. ಹರಾಜಿನ ಹಣವನ್ನು ಸ್ವಯಂಸೇವಕರ ಸ್ವಂತ ಯುಪಿಐಗೆ ಒಂದು ದಿನದ ಮಟ್ಟಿಗೂ ತೆಗೆದುಕೊಳ್ಳಬೇಡಿ. ಪ್ರತಿಷ್ಠಾನದ ಖಾತೆಗೇ ಬರಲಿ, ಹರಾಜಿಗೆ ಪ್ರತ್ಯೇಕ ಲೆಕ್ಕಪುಸ್ತಕವಿರಲಿ. ಪ್ರತಿಷ್ಠಾನಕ್ಕೆ ಜಿಎಸ್‌ಟಿ ನೋಂದಣಿ ಇದ್ದರೆ ಚಿತ್ರಗಳ ಮೇಲಿನ ದರ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಕೂಗಿದ ಬೆಲೆಯಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂಬುದನ್ನು ಮೊದಲೇ ಬರೆಯಿರಿ.

ಗಾಂಧಿಬಜಾರ್_ವಾಸಿ

ಖಾತೆಕಿರ್ದಿಯವರೇ, ವಸ್ತುರೂಪದ ದಾನದ ವಿಷಯ ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಇನ್ನೊಂದು ಪ್ರಶ್ನೆ: ಚಾಮರಾಜಪೇಟೆಯ ಹಳೆಯ ಮನೆಯವರೊಬ್ಬರು ಮುತ್ತಜ್ಜನ ಕಾಲದ ಮೈಸೂರು ಶೈಲಿಯ ಪಟವೊಂದನ್ನು ಕೊಡುತ್ತೇವೆಂದಿದ್ದಾರೆ. ತೆಗೆದುಕೊಳ್ಳಬಹುದೇ?

ಖಾತೆಕಿರ್ದಿ

ನೂರು ವರ್ಷ ದಾಟಿದ್ದರೆ ಬೇಡ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯಂತೆ ಅದು ಪುರಾತನ ವಸ್ತುವಾಗುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಗೌರವದಿಂದ ಹಿಂದಿರುಗಿಸಿ.

ಕೊಪ್ಪಳದ_ತಾಯಿ

ಕಲೆಯ ಬಗ್ಗೆ ನನಗೆ ತಿಳಿವಳಿಕೆ ಕಡಿಮೆ. ಈ ಹಣ ಎಲ್ಲಿಗೆ ಹೋಗುತ್ತದೆಂಬುದನ್ನು ಮಾತ್ರ ಹೇಳಬಲ್ಲೆ. ನನ್ನ ಮಗಳಿಗೆ ಆರನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ, ಡಾಕ್ಟರುಗಳು ಎಎಲ್‌ಎಲ್ ಎನ್ನುವ ಬಗೆ ಅದು. ಚಿಕಿತ್ಸೆ ಎರಡೂವರೆ ವರ್ಷ ನಡೆಯಿತು. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ, ನಮಗೂ ಸಿಕ್ಕಿತು. ಹಾಗಾದರೆ ಇನ್ನೇನು ಬೇಕಿತ್ತೆಂದು ಹಲವರು ಕೇಳುತ್ತಾರೆ.

ಕಿಮೋ ಕೊಟ್ಟ ಮೇಲೆ ಮಗುವಿನ ಬಿಳಿ ರಕ್ತಕಣಗಳು ಕುಸಿಯುತ್ತವೆ. ಆ ದಿನಗಳಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗುವವರೆಗೆ ಕಾಯುವಂತಿಲ್ಲ, ಕೂಡಲೇ ಆಸ್ಪತ್ರೆ ಸೇರಿ ಆ್ಯಂಟಿಬಯೋಟಿಕ್ ಹಾಕಿಸಬೇಕು. ಕೊಪ್ಪಳಕ್ಕೆ ಬಸ್ಸಿನಲ್ಲಿ ಒಂದು ಇಡೀ ರಾತ್ರಿಯ ದಾರಿ. ಆದ್ದರಿಂದ ಮೊದಲ ಎಂಟು ತಿಂಗಳು ನಾವು ಆಸ್ಪತ್ರೆಯ ಹತ್ತಿರವೇ ಇರಬೇಕಾಯಿತು. ಬಾಡಿಗೆ, ಕುದಿಸಿದ ನೀರಿಗೆ ಗ್ಯಾಸು, ನಡುರಾತ್ರಿಯ ಆಟೋ, ಊರಿನಲ್ಲಿ ನನ್ನ ಗಂಡ ಕಳೆದುಕೊಂಡ ಕೂಲಿ, ಇವು ಯಾವ ಪ್ಯಾಕೇಜಿನಲ್ಲೂ ಬರುವುದಿಲ್ಲ. ದಿಂಬಿನ ಕೆಳಗೆ ಥರ್ಮಾಮೀಟರ್ ಇಟ್ಟುಕೊಂಡು ಮಲಗುತ್ತಿದ್ದೆ. ಪಕ್ಕದ ಹಾಸಿಗೆಯ ಹುಡುಗನ ಮನೆಯವರು, ಮಗು ಚೇತರಿಸಿಕೊಳ್ಳುತ್ತಿದ್ದಾಗಲೇ, ಇದ್ದ ಎರಡು ಎತ್ತನ್ನೂ ಮಾರಿ ಆದ ಮೇಲೆ ಇನ್ನು ಸಾಧ್ಯವಿಲ್ಲವೆಂದು ಊರಿಗೆ ಹೊರಟುಹೋದರು. ಆ ಹುಡುಗನ ಬಗ್ಗೆ ಮತ್ತೆ ಏನೂ ತಿಳಿಯಲಿಲ್ಲ. ನಾವು ಹೋಗದೆ ಉಳಿದದ್ದು ಒಂದು ಸಂಸ್ಥೆ ಕೋಣೆ ಕೊಟ್ಟಿದ್ದರಿಂದ. ಈಗ ಮಗಳಿಗೆ ಹದಿಮೂರು ವರ್ಷ, ಶಾಲೆಗೆ ಹೋಗುತ್ತಾಳೆ.

ನಿಮ್ಮನ್ನು ಒಂದು ಕೇಳಿಕೊಳ್ಳುತ್ತೇನೆ. ಚಿಕಿತ್ಸೆಯ ಕಾಲದಲ್ಲಿ ಹಣ ಸಂಗ್ರಹಿಸುವ ಇನ್ನೊಂದು ಗುಂಪಿನವರು ಬಂದು ಅವಳ ಫೋಟೋ ತೆಗೆದುಕೊಂಡರು. ತಲೆಯಲ್ಲಿ ಒಂದು ಕೂದಲಿರಲಿಲ್ಲ, ಮೂಗಿನಲ್ಲಿ ನಳಿಗೆಯಿತ್ತು. ಸಹಿ ಹಾಕೆಂದರು, ಹಾಕಿದೆ. ಬೇಡವೆನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಳೆದ ವರ್ಷ ಅವಳ ತರಗತಿಯ ಹುಡುಗಿಯೊಬ್ಬಳು ಆ ಫೋಟೋವನ್ನು ಮೊಬೈಲಿನಲ್ಲಿ ಹುಡುಕಿ ತೆಗೆದಳು. ಮಗಳು ಮೂರು ದಿನ ಶಾಲೆಗೆ ಹೋಗಲಿಲ್ಲ. ಚಿತ್ರಗಳ ಪಕ್ಕದಲ್ಲಿ ದಯವಿಟ್ಟು ಮಕ್ಕಳ ಫೋಟೋ ಹಾಕಬೇಡಿ. ಎಷ್ಟು ಕುಟುಂಬಗಳಿಗೆ ಎಷ್ಟು ದಿನದ ಕೋಣೆ ಕೊಟ್ಟಿರೆಂದು ಬರೆಯಿರಿ, ಅಷ್ಟು ಸಾಕು.

ಸಂಗ್ರಹ_ಜಯನಗರ

ಅಮ್ಮ, ಬರೆದದ್ದಕ್ಕೆ ಋಣಿಯಾಗಿದ್ದೇನೆ. ಕೊಳ್ಳುವವನಾಗಿ ಹೇಳುತ್ತೇನೆ: ಮಗುವಿನ ಮುಖ ನೋಡಿದ ಮೇಲೆ ಚಿತ್ರವನ್ನು ಚಿತ್ರವಾಗಿ ನೋಡುವುದು ನನ್ನಿಂದ ಆಗುವುದಿಲ್ಲ. ಕೊಂಡು ಮನೆಗೆ ತಂದು ಮೂಲೆಯಲ್ಲಿಟ್ಟುಬಿಡುತ್ತೇನೆ. ಹಾಗೆ ತಂದ ಒಂದು ಚಿತ್ರ ನನ್ನ ಅಟ್ಟದ ಮೇಲೆ ಈಗಲೂ ಇದೆ. ಅದನ್ನು ಬರೆದವರಿಗೆ ನಾನು ಮಾಡಿದ ಅನ್ಯಾಯವದು.

ಖಾತೆಕಿರ್ದಿ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಮಕ್ಕಳ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಕಡ್ಡಾಯವೆನ್ನುತ್ತದೆ. ಆದರೆ ಈ ತಾಯಿ ಹೇಳಿದ್ದನ್ನು ಓದಿದ ಮೇಲೆ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಪಡೆದ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಚೌಕಟ್ಟು_ಅಂಗಡಿ

ಹಣದ ವಿಷಯ ತಿಳಿದವರು ಹೇಳಿದ್ದಾರೆ. ನಾನು ಇಪ್ಪತ್ತು ವರ್ಷಗಳಿಂದ ಚೌಕಟ್ಟು ಕಟ್ಟುತ್ತಿದ್ದೇನೆ, ಸಾಗಣೆಯ ಬಗ್ಗೆ ಬರೆಯುತ್ತೇನೆ. ಹರಾಜು ಮಳೆಗಾಲದಲ್ಲಿ ಬರುವುದಾದರೆ ಗಾಜು ಹಾಕಿದ ಚೌಕಟ್ಟನ್ನು ಕೊರಿಯರಿಗೆ ಕೊಡಲೇಬೇಡಿ. ಗಾಜಿನ ಬದಲು ತೆಳುವಾದ ಅಕ್ರಿಲಿಕ್ ಹಾಳೆ ಹಾಕಿಸಿ. ಜಲವರ್ಣದ ಕಾಗದಕ್ಕೆ ಗಾಜಾಗಲಿ ಹಾಳೆಯಾಗಲಿ ತಾಗಬಾರದು, ನಡುವೆ ಮೌಂಟ್ ಬೋರ್ಡಿನ ಅಂತರವಿರಬೇಕು, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಕ್ಯಾನ್‌ವಾಸ್ ಸುತ್ತುವುದಾದರೆ ಬಣ್ಣದ ಮುಖ ಹೊರಗೆ ಬರುವಂತೆ, ಅಗಲವಾದ ಕೊಳವೆಯ ಮೇಲೆ ಸುತ್ತಬೇಕು. ಅನೇಕರು ಬಣ್ಣವನ್ನು ಕಾಪಾಡುತ್ತೇವೆಂದು ಒಳಗೆ ಮಾಡಿ ಸುತ್ತುತ್ತಾರೆ, ಬಿಚ್ಚಿದಾಗ ಪದರ ಬಿರುಕು ಬಿಟ್ಟಿರುತ್ತದೆ. ಬಬಲ್ ಕಾಗದವನ್ನು ನೇರವಾಗಿ ಬಣ್ಣದ ಮೇಲೆ ಸುತ್ತಿದರೆ ಅಕ್ರಿಲಿಕ್ ಮೇಲೆ ಗುಂಡು ಗುಂಡಾದ ಗುರುತು ಬೀಳುತ್ತದೆ. ಮೊದಲು ಬಟರ್ ಪೇಪರ್ ಹಾಕಿ.

ಮೈಸೂರು ಶೈಲಿಯ ಚಿತ್ರಗಳನ್ನು ಸುತ್ತುವ ಪ್ರಶ್ನೆಯೇ ಇಲ್ಲ. ಅವುಗಳಲ್ಲಿ ಒಡವೆ, ಮಂಟಪ, ಸೀರೆಯ ಅಂಚು ಮಕ್ಕಿ ಸಫೇದ ಎಂಬ ಲೇಪದಿಂದ ಉಬ್ಬಿ ನಿಂತಿರುತ್ತವೆ, ಅದರ ಮೇಲೆ ಚಿನ್ನದ ರೇಕು. ಬಾಗಿದರೆ ಉದುರುತ್ತದೆ. ಫೋಟೋ ತೆಗೆಯುವಾಗಲೂ ಈ ಚಿತ್ರಗಳೇ ಮೋಸ ಮಾಡುವುದು. ಟ್ಯೂಬ್‌ಲೈಟಿನ ಕೆಳಗೆ ಫ್ಲ್ಯಾಶ್ ಹಾಕಿ ತೆಗೆದರೆ ಚಿನ್ನವೆಲ್ಲ ಬಿಳಿಯ ಕಲೆಯಾಗಿ ಬರುತ್ತದೆ. ಕಿಟಕಿಯ ಪಕ್ಕದಲ್ಲಿ, ಬಿಸಿಲು ನೇರವಾಗಿ ಬೀಳದಂತೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಚಿತ್ರವನ್ನು ಸ್ವಲ್ಪ ಓರೆಯಾಗಿಟ್ಟು ತೆಗೆಯಿರಿ. ಆಗ ರೇಕಿನ ಮೇಲಿನ ಗೆರೆಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಕೊಳ್ಳುವವರು ಹಣ ಕೊಡುವುದು ಆ ಗೆರೆಗಳಿಗೆ.

ಜಲವರ್ಣ

ಹಕ್ಕಿನ ವಿಷಯ ಉಳಿದಿತ್ತು. ಚಿತ್ರ ಕೊಂಡವರಿಗೆ ಚಿತ್ರ ಸೇರುತ್ತದೆ, ಅದರ ಕೃತಿಸ್ವಾಮ್ಯ ಸೇರುವುದಿಲ್ಲ. ಬರೆದುಕೊಡದ ಹೊರತು ಅದು ಕಲಾವಿದರಲ್ಲೇ ಉಳಿಯುತ್ತದೆ. ಪ್ರತಿಷ್ಠಾನದವರು ಮುಂದೆ ಆ ಚಿತ್ರವನ್ನು ಕ್ಯಾಲೆಂಡರಿಗೋ ಶುಭಾಶಯ ಪತ್ರಕ್ಕೋ ಬಳಸಬೇಕೆಂದರೆ ಈಗಲೇ ಕೇಳಿ ಬರೆಸಿಕೊಳ್ಳಿ. ಬಹುತೇಕರು ಸಂತೋಷದಿಂದ ಒಪ್ಪುತ್ತಾರೆ, ಕೇಳದೆ ಬಳಸಿದರೆ ನೊಂದುಕೊಳ್ಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನಲ್ಲಿ, ಮೂಲ ಚಿತ್ರ ಮುಂದೆ 10,000 ರೂಪಾಯಿ ಮೀರಿ ಮರುಮಾರಾಟವಾದರೆ ಕಲಾವಿದರಿಗೆ ಶೇಕಡಾ 10 ಮೀರದ ಪಾಲಿನ ಹಕ್ಕಿದೆ. ಇದನ್ನು ಬಲ್ಲ ಕಲಾವಿದರೇ ಕಡಿಮೆ. ಪ್ರಮಾಣಪತ್ರದ ಹಿಂಬದಿಯಲ್ಲಿ ಈ ಒಂದು ಸಾಲನ್ನು ಮುದ್ರಿಸಿದರೆ ದೊಡ್ಡ ಉಪಕಾರವಾಗುತ್ತದೆ.

ಚಿಕಿತ್ಸೆ ಪಡೆಯುತ್ತಿರುವ ಮಕ್ಕಳು ಬರೆದ ಚಿತ್ರಗಳನ್ನು ಹರಾಜಿಗೆ ಇಡುವ ಯೋಚನೆ ನಿಮ್ಮಲ್ಲಿ ಯಾರಿಗಾದರೂ ಬಂದಿದ್ದರೆ ಕೈಬಿಡಿ. ಮಗು ಬರೆದದ್ದರ ಕೃತಿಸ್ವಾಮ್ಯ ಮಗುವಿನದೇ. ಆ ಚಿತ್ರಗಳು ಅವರ ಮನೆಯ ಗೋಡೆಯ ಮೇಲಿರಬೇಕು.

ಗಾಂಧಿಬಜಾರ್_ವಾಸಿ

ನಿನ್ನೆ ಸಂಜೆ ನಾವೆಲ್ಲ ಮತ್ತೆ ಸೇರಿ, ಇಲ್ಲಿ ಬಂದದ್ದನ್ನು ಮೊದಲಿನಿಂದ ಓದಿದೆವು. ಕೃತಿಗಳನ್ನು 34ಕ್ಕೆ ಇಳಿಸುತ್ತಿದ್ದೇವೆ. ಮೂಲಬೆಲೆ ಕಲಾವಿದರ ಸ್ಟುಡಿಯೋ ಬೆಲೆಯ ಅರ್ಧ. ಅದಕ್ಕಿಂತ ಕೆಳಗೆ ಯಾವ ಕೃತಿಯೂ ಹೋಗುವುದಿಲ್ಲ. ಪಾಲನ್ನು ಕಲಾವಿದರೇ ಬರೆಯುತ್ತಾರೆ, ಯಾರು ಎಷ್ಟು ಬರೆದರೆಂಬುದನ್ನು ನಾವು ಪ್ರಕಟಿಸುವುದಿಲ್ಲ. ಒಬ್ಬರು ಎಲ್ಲವನ್ನೂ ಕೊಟ್ಟರು, ಇನ್ನೊಬ್ಬರು ಅರ್ಧ ಇಟ್ಟುಕೊಂಡರು ಎಂಬ ಹೋಲಿಕೆಗೆ ಎಡೆಯಾಗಬಾರದು. ಮಾರಾಟವಾಗದೆ ಉಳಿದ ಕೃತಿಯನ್ನು ಪಟ್ಟಿಯಿಂದ ಅಂದೇ ತೆಗೆದು, ಒಂದು ವಾರದೊಳಗೆ ನಾವೇ ಕಲಾವಿದರ ಮನೆಗೆ ತಲುಪಿಸುತ್ತೇವೆ. ಚಿತ್ರಕ್ಕೆ ಬಿಲ್ಲು, ದೇಣಿಗೆಗೆ ರಸೀದಿ ಎಂಬುದು ಇತ್ಯರ್ಥವಾಯಿತು. ಮಕ್ಕಳ ಫೋಟೋ ಎಲ್ಲಿಯೂ ಇರುವುದಿಲ್ಲ, ಪ್ರತಿಷ್ಠಾನದವರೂ ಲಿಖಿತವಾಗಿ ಒಪ್ಪಿದ್ದಾರೆ. ಹರಾಜು ಮುಗಿದು ಆರು ತಿಂಗಳಾದ ಮೇಲೆ ಎಷ್ಟು ಕುಟುಂಬಗಳು ಎಷ್ಟು ರಾತ್ರಿ ಆ ಕೋಣೆಗಳಲ್ಲಿದ್ದವೆಂಬ ಲೆಕ್ಕವನ್ನು ಪ್ರತಿಯೊಬ್ಬ ಕಲಾವಿದರಿಗೂ ಕೊಂಡವರಿಗೂ ಅಂಚೆಯಲ್ಲಿ ಕಳುಹಿಸುತ್ತೇವೆ.

ಒಂದರಲ್ಲಿ ಮಾತ್ರ ನಮ್ಮೊಳಗೆ ಒಮ್ಮತವಾಗಲಿಲ್ಲ. ಅಂತಿಮ ಬೆಲೆಯನ್ನು ಸಾರ್ವಜನಿಕವಾಗಿ ಉಳಿಸಬೇಕೆಂದು ನಾಲ್ವರು, ತಿಂಗಳ ನಂತರ ತೆಗೆಯಬೇಕೆಂದು ನಾಲ್ವರು. ಪಾರದರ್ಶಕತೆಗೆ ಮೊದಲನೆಯದು ಬೇಕೆಂದು ನನಗೂ ಅನ್ನಿಸುತ್ತದೆ, ಜಲವರ್ಣ ಅವರ ಅನುಭವ ಓದಿದರೆ ಎರಡನೆಯದು. ಸದ್ಯಕ್ಕೆ ಆಯಾ ಕಲಾವಿದರನ್ನೇ ಕೇಳುವುದೆಂದಾಗಿದೆ.

ಆ ಹಿರಿಯರಿಗೆ ಬೆಳಿಗ್ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಮೂಲಬೆಲೆ 30,000 ಎಂದು ಬರೆಸಿದರು. ಪಾಲು ಎಷ್ಟೆಂದು ಕೇಳಿದ್ದಕ್ಕೆ, "ಚೌಕಟ್ಟಿನ ಖರ್ಚು ಕೊಡಿ, ಉಳಿದದ್ದು ಮಕ್ಕಳಿಗೆ" ಎಂದರು.

ಚೌಕಟ್ಟು_ಅಂಗಡಿ

ಹಿರಿಯರ ಚಿತ್ರದ ಚೌಕಟ್ಟು ನಾನು ಕಟ್ಟಿಕೊಡುತ್ತೇನೆ, ಅದರ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಡಿ. ಉಳಿದ 33ರ ಅಳತೆಗಳನ್ನು ಇಂಚಿನಲ್ಲಿ ಕಳುಹಿಸಿ, ಮೌಂಟಿಗೆ ಬಿಡಬೇಕಾದ ಅಂಚನ್ನು ಸೇರಿಸಬೇಡಿ, ಅದನ್ನು ನಾನು ನೋಡಿಕೊಳ್ಳುತ್ತೇನೆ.